ಲಂಗರಿನ ಕೆಳಗೊಂದು ಹುಲ್ಲುಗಾವಲು

ಸೂರ್ಯ ನೆತ್ತಿಗೇರಿದ ಹೊತ್ತಿಗೆ ಫೊರ್ಮೆಂಟೆರಾದ ಕಡಲು ಎರಡು ಬಣ್ಣದಲ್ಲಿ ಕಾಣುತ್ತದೆ. ಅಲ್ಲಲ್ಲಿ ತಿಳಿನೀಲಿ, ಅದರ ಸುತ್ತ ಹೆಚ್ಚುಕಡಿಮೆ ಕಪ್ಪೇ ಎನ್ನುವಷ್ಟು ಕಡುಹಸಿರು. ಮೆಡಿಟರೇನಿಯನ್ ಸಮುದ್ರದಲ್ಲಿ, ಸ್ಪೇನ್‌ಗೆ ಸೇರಿದ ಈ ಪುಟ್ಟ ದ್ವೀಪಕ್ಕೆ ಇಬಿಜಾ ಬಂದರಿನಿಂದ ಅರ್ಧ ಗಂಟೆಯ ಹಡಗು ಪ್ರಯಾಣ. ಬೇಸಿಗೆ ಬಂತೆಂದರೆ ಇಲ್ಲಿ ಹಾಯಿದೋಣಿಗಳ ಜಾತ್ರೆ. ಅವುಗಳಲ್ಲಿ ಬರುವ ಕೆಲವರಿಗೆ ದೋಣಿಯೇ ಮನೆ. ಒಲೆ, ಹಾಸಿಗೆ, ಒಣಹಾಕಿದ ಬಟ್ಟೆ, ಸಾಕುನಾಯಿ ಎಲ್ಲವೂ ಅದರಲ್ಲೇ. ಇಂಥ ಸಂಸಾರಕ್ಕೆ ಸಂಜೆಯಾಗುವುದರೊಳಗೆ ಇತ್ಯರ್ಥವಾಗಬೇಕಾದ ಪ್ರಶ್ನೆ ಒಂದೇ: ಇವತ್ತು ಲಂಗರು ಎಲ್ಲಿ? ತಿಳಿನೀಲಿಯಲ್ಲೋ, ಕಪ್ಪಿನಲ್ಲೋ?

ತಿಳಿನೀಲಿ ಎಂದರೆ ಮರಳು. ಕಪ್ಪು ಎಂದರೆ ಪೊಸಿಡೋನಿಯಾ ಎಂಬ ಕಡಲಹುಲ್ಲು.

8 ಕಿಲೋಮೀಟರ್ ಉದ್ದದ ಒಂದೇ ಗಿಡ

ನೋಡಿದವರು ಪಾಚಿ ಎಂದುಕೊಳ್ಳುತ್ತಾರೆ. ಆದರೆ ಇದಕ್ಕೆ ಬೇರಿದೆ, ಮೀಟರ್ ಉದ್ದದ ರಿಬ್ಬನ್ನಿನಂಥ ಎಲೆಯಿದೆ, ಶರತ್ಕಾಲದಲ್ಲಿ ಹೂವೂ ಬಿಡುತ್ತದೆ. ಇದರ ಕಾಯಿಗೆ ಇಟಲಿಯವರು ‘ಕಡಲ ಆಲಿವ್’ ಎನ್ನುತ್ತಾರೆ. ಮೆಡಿಟರೇನಿಯನ್ ಬಿಟ್ಟರೆ ಈ ಜಾತಿಯ ಹುಲ್ಲು ಬೇರೆಲ್ಲೂ ಬೆಳೆಯುವುದಿಲ್ಲ. ನೀರು ತಿಳಿಯಾಗಿದ್ದರೆ 40 ಮೀಟರ್ ಆಳದವರೆಗೂ ಹಬ್ಬುತ್ತದೆ.

2006ರಲ್ಲಿ ಫೊರ್ಮೆಂಟೆರಾದ ಬಳಿ ವಿಜ್ಞಾನಿಗಳು ಸುಮಾರು 8 ಕಿಲೋಮೀಟರ್ ಹಬ್ಬಿದ ಒಂದೇ ಗಿಡವನ್ನು ಗುರುತಿಸಿದರು. ಎಲ್ಲಿ ಕಿತ್ತು ಪರೀಕ್ಷಿಸಿದರೂ ಅದೇ ಡಿಎನ್‌ಎ. ಪೊಸಿಡೋನಿಯಾ ಅಡ್ಡಕ್ಕೆ ಚಾಚುವುದು ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಆ ಲೆಕ್ಕದಲ್ಲಿ ಇದರ ವಯಸ್ಸು ಸಾವಿರಾರು ವರ್ಷ ದಾಟುತ್ತದೆ. ಒಂದು ಲಕ್ಷ ಎಂದವರೂ ಇದ್ದಾರೆ.

ಮೀನಿನ ಮರಿಗಳು, ಕಡಲಕುದುರೆಗಳು ಈ ಹುಲ್ಲಿನ ನಡುವೆಯೇ ಅಡಗುತ್ತವೆ. ಸಲೇಮಾ ಎಂಬ ಹೊಂಬಣ್ಣದ ಪಟ್ಟೆಯ ಮೀನುಗಳು ದನದ ಮಂದೆಯಂತೆ ಗುಂಪುಗೂಡಿ ಇದನ್ನು ಮೇಯುತ್ತವೆ. ಉದುರಿದ ಎಲೆ ದಡದಲ್ಲಿ ದಪ್ಪನೆಯ ಮೆತ್ತೆಯಾಗಿ ಬಿದ್ದು ಅಲೆಯ ಹೊಡೆತದಿಂದ ಮರಳನ್ನು ಕಾಯುತ್ತದೆ. ಪ್ರವಾಸಿಗರು ಅದನ್ನು ಕಸವೆಂದು ಮೂಗು ಮುರಿಯುವುದೂ ಉಂಟು.

ಸರಪಳಿಯ ಲೆಕ್ಕ

ದೋಣಿಯನ್ನು ಹಿಡಿದಿಡುವುದು ಲಂಗರಿನ ಭಾರ ಎಂದೇ ಹಲವರ ನಂಬಿಕೆ. ನಿಜವಾಗಿ ಹಿಡಿಯುವುದು ಅದರ ಮೊನೆ. ನೇಗಿಲಿನ ಕುಳದಂತೆ ಅದು ನೆಲಕ್ಕೆ ಇಳಿಯಬೇಕಾದರೆ ಎಳೆತ ಅಡ್ಡಕ್ಕೆ ಬೀಳಬೇಕು. ಅದಕ್ಕೇ ಉದ್ದದ ಸರಪಳಿ. ನೀರಿನ ಆಳ 5 ಮೀಟರ್, ನೀರಿನಿಂದ ದೋಣಿಯ ಮೂತಿಗೆ 1 ಮೀಟರ್, ಒಟ್ಟು 6. ಅದರ ಐದು ಪಟ್ಟು ಬಿಟ್ಟರೆ 30 ಮೀಟರ್ ಸರಪಳಿ.

ಈಗ ಗಾಳಿ ತಿರುಗಲಿ. ಗೂಟಕ್ಕೆ ಕಟ್ಟಿದ ಹಸುವಿನಂತೆ ದೋಣಿ ಲಂಗರಿನ ಸುತ್ತ ತಿರುಗುತ್ತದೆ, ತಳದಲ್ಲಿ ಬಿದ್ದ ಸರಪಳಿ ಜೊತೆಗೇ ಉಜ್ಜಿಕೊಂಡು ಬರುತ್ತದೆ. ಪೂರ್ತಿ ಒಂದು ಸುತ್ತು ಬಂದರೆ ಅದರ ಅಳತೆಗೆ ಸಿಗುವ ನೆಲ ಸುಮಾರು 2,700 ಚದರ ಮೀಟರ್, ಅಂದರೆ 27 ಗುಂಟೆ. ಇದು ಒಂದು ಸಾಧಾರಣ ದೋಣಿಯ ಲೆಕ್ಕ. ಲಂಗರು ಒಂದು ಗುಂಡಿ ತೋಡಿ ಸುಮ್ಮನಾಗುತ್ತದೆ. ಸರಪಳಿ ರಾತ್ರಿಯಿಡೀ ಕತ್ತರಿಸುತ್ತದೆ. ಕಿತ್ತುಹೋದ ಜಾಗಕ್ಕೆ ಹುಲ್ಲು ಮರಳಬೇಕಾದರೆ ಲಂಗರು ಹಾಕಿದವನ ಮೊಮ್ಮಕ್ಕಳ ಕಾಲವೂ ಸಾಲದು.

ಸೋಜಿಗವೆಂದರೆ, ಹುಲ್ಲಿನ ಮೇಲೆ ಲಂಗರು ಹಾಕಿದವನಿಗೂ ಸುಖವಿಲ್ಲ. ಮೊನೆ ಎಲೆಯ ಮೇಲೆ ಜಾರುತ್ತದೆ, ಗಾಳಿ ಜೋರಾದರೆ ದೋಣಿ ಬಂಡೆಯತ್ತ ಸರಿಯುತ್ತದೆ. ಅನುಭವಸ್ಥರು ಬಿಸಿಲಿರುವಾಗಲೇ ಬಂದು ಸೇರುವುದು ಈ ಕಾರಣಕ್ಕೆ. ಒಬ್ಬರು ಮುಂಭಾಗದಲ್ಲಿ ನಿಂತು ಮರಳಿನ ತೇಪೆಯನ್ನು ಬೆರಳು ಮಾಡಿ ತೋರಿಸುತ್ತಾರೆ. ಲಂಗರು ಇಳಿಯುತ್ತದೆ. ಎಂಜಿನ್ನನ್ನು ಮೆಲ್ಲಗೆ ಹಿಂದಕ್ಕೆ ಓಡಿಸಿ ಸರಪಳಿಯನ್ನು ಬಿಗಿಮಾಡುತ್ತಾರೆ. ದಡದ ಮೇಲಿನ ಒಂದು ಮರ, ಅದರ ಹಿಂದಿನ ಒಂದು ಮನೆ ಒಂದೇ ಸಾಲಿನಲ್ಲಿ ನಿಂತಿವೆಯೇ ಎಂದು ನೋಡುತ್ತಾರೆ. ಸಾಲು ಕದಲಿದರೆ ದೋಣಿ ಜಾರುತ್ತಿದೆ ಎಂದರ್ಥ. ಕೊನೆಗೆ ಮುಖಕ್ಕೆ ಮಾಸ್ಕ್ ಹಾಕಿ ನೀರಿಗಿಳಿದು, ಮೊನೆ ಮರಳಲ್ಲಿ ಹೂತಿದೆಯೇ, ಸರಪಳಿ ಎತ್ತ ಮಲಗಿದೆ ಎಂದು ಕಣ್ಣಾರೆ ಕಂಡ ಮೇಲೆಯೇ ಒಲೆ ಹಚ್ಚುವುದು. ನಿದ್ದೆಗೂ ಹುಲ್ಲಿಗೂ ಬೇಕಾದದ್ದು ಒಂದೇ: ಹಾಕುವ ಮುನ್ನ ನೋಡುವುದು.

ಎಲ್ಲರೂ ನೋಡುವುದಿಲ್ಲ. ಕತ್ತಲಾದ ಮೇಲೆ ಬರುವವರು, ಮರಳಿನ ಜಾಗವೆಲ್ಲ ಭರ್ತಿಯಾದ ಮೇಲೆ ಬರುವವರು, ಬಾಡಿಗೆಗೆ ದೋಣಿ ಹಿಡಿದು ಮೊದಲ ಸಲ ಬಂದವರು ಸಿಕ್ಕಲ್ಲಿ ಸರಪಳಿ ಬಿಡುತ್ತಾರೆ. ಇಲ್ಲಿನ ಹುಲ್ಲುಗಾವಲು 1999ರಲ್ಲೇ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದರೂ, ಅದರ ಮೇಲೆ ಲಂಗರು ಹಾಕುವುದನ್ನು ಬಾಲಿಯಾರಿಕ್ ದ್ವೀಪಗಳ ಸರ್ಕಾರ ಖಚಿತ ಮಾತಿನಲ್ಲಿ ನಿಷೇಧಿಸಿದ್ದು 2018ರಲ್ಲಿ. ಈಗ ತಪ್ಪಿದರೆ ದಂಡ. ಬೇಸಿಗೆಯಲ್ಲಿ ಗಸ್ತು ದೋಣಿಗಳು ತಿರುಗುತ್ತವೆ. ಕೆಲವೆಡೆ ತಳಕ್ಕೆ ಭದ್ರವಾಗಿ ಕಟ್ಟಿದ ತೇಲುಬುರುಡೆಗಳಿವೆ. ಅವಕ್ಕೆ ಹಗ್ಗ ಕಟ್ಟಿದರೆ ಲಂಗರಿನ ಗೊಡವೆಯೇ ಇಲ್ಲ.

ನಮ್ಮ ನೀರಿನಲ್ಲಿ

ದೋಣಿಯಲ್ಲೇ ಉಂಡು ಮಲಗುವ ಬಾಳು ನಮ್ಮ ಕರಾವಳಿಗೆ ಹೊಸದಲ್ಲ. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿಗಳ ಖಲಾಸಿಗಳು, ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗಿ ದಿನಗಟ್ಟಲೆ ಉಳಿಯುವ ಬೋಟಿನವರು ಬಾಳುವುದು ಹೀಗೆಯೇ. ಲಕ್ಷದ್ವೀಪದ ಲಗೂನ್‌ಗಳಲ್ಲಿ ಹಸಿರು ಕಡಲಾಮೆ ಮೇಯುವ ಹುಲ್ಲಿದೆ. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿಯ ಸುತ್ತ ಹವಳವಿದೆ. ಹವಳವೂ ಪೊಸಿಡೋನಿಯಾದಷ್ಟೇ ನಿಧಾನಿ. ಒಂದು ಕಬ್ಬಿಣದ ಮೊನೆ ಬಡಿದರೆ ಮುರಿಯಲು ಕ್ಷಣ ಸಾಕು.

ಮುಂದಿನ ಸಲ ದ್ವೀಪ ನೋಡಲೋ ಡೈವಿಂಗ್‌ಗೋ ಹೊರಟಾಗ, ಲೈಫ್ ಜಾಕೆಟ್ ಕಟ್ಟಿಕೊಳ್ಳುವ ಹೊತ್ತಿಗೆ ಬೋಟಿನವರನ್ನು ಒಂದು ಮಾತು ಕೇಳಿ: “ಅಣ್ಣಾ, ಲಂಗರು ಎಲ್ಲಿ ಬೀಳ್ತದೆ?” ಹತ್ತು ಜನ ಕೇಳಿದರೆ, ಹನ್ನೊಂದನೆಯವರು ಬರುವ ಮೊದಲೇ ಅವರೂ ತಳ ನೋಡಲು ಶುರುಮಾಡುತ್ತಾರೆ.