ಕಂಗು ಬಿದ್ದ ದಿಕ್ಕು

ನೇತ್ರಾವತಿಯ ಅಂಚಿನ ನರಿಕೊಂಬಿನಂಥ ಊರುಗಳಲ್ಲಿ ಮಳೆಗಾಲದ ರಾತ್ರಿಗಾಳಿ ತಿಳಿಯುವುದು ಕಿವಿಗೆ, ಕಣ್ಣಿಗಲ್ಲ. ನಡುರಾತ್ರಿ ಕರೆಂಟು ಹೋಗುತ್ತದೆ. ಆಮೇಲೆ ಮಾಡಿನಿಂದ ಹಂಚು ಜಾರಿದ ಸದ್ದು, ಅಡಿಕೆ ತೋಟದ ಕಡೆಯಿಂದ ಕಂಗು ಮುರಿದ ಸದ್ದು. ಐದು ನಿಮಿಷ ಕಳೆದರೆ ಮತ್ತೆ ಬರೀ ಮಳೆ. ಬೆಳಕು ಹರಿಯುವ ಹೊತ್ತಿಗೆ ನೆರೆಯವರು ಅಂಗಳದಲ್ಲಿ: "ರಾತ್ರಿ ಎಂಥ ಗಾಳಿ ಮಾರಾಯ್ರೆ! ಸುಂಟರಗಾಳಿಯೇ ಅದು." ಮರುದಿನದ ಪತ್ರಿಕೆಯಲ್ಲೂ ಅದೇ ಹೆಸರು.

ಜೋರಾಗಿ ಬೀಸಿದ್ದೆಲ್ಲ ನಮಗೆ ಸುಂಟರಗಾಳಿಯೇ. ಹವಾಮಾನದವರಿಗೆ ಹಾಗಲ್ಲ. ಗಾಳಿಯ ವೇಗ ಒಮ್ಮೆಲೇ ಗಂಟೆಗೆ ಸುಮಾರು 30 ಕಿ.ಮೀ. ಏರಿ, 40 ಕಿ.ಮೀ. ಮುಟ್ಟಿ, ಒಂದು ನಿಮಿಷವಾದರೂ ನಿಂತರೆ ಅದು ಬಿರುಗಾಳಿಯ ಹೊಡೆತ. ಕರಾವಳಿಯ ಮುಂಗಾರಿನಲ್ಲಿ ಇದು ಮಾಮೂಲು. ಮೋಡದಿಂದ ತಂಪುಗಾಳಿ ದಬಕ್ಕನೆ ಸುರಿದು ನೆಲಕ್ಕೆ ಬಡಿದು ಸುತ್ತಲೂ ಹರಡುವುದು ಇನ್ನೊಂದು ಬಗೆ. ಮೋಡದಿಂದ ನೆಲದವರೆಗೆ ಇಳಿದ ಸುಳಿಯೇ ಮೂರನೆಯದು, ನಿಜವಾದ ಸುಂಟರಗಾಳಿ.

ಭಾರತದ ಘೋರ ಸುಂಟರಗಾಳಿಗಳ ಸೀಮೆ ಬಂಗಾಳ, ಒಡಿಶಾಗಳ ಕಡೆ. ನೆರೆಯ ಬಾಂಗ್ಲಾದೇಶದ ಮಾಣಿಕ್‌ಗಂಜ್‌ನಲ್ಲಿ 1989ರ ಏಪ್ರಿಲ್ 26ರಂದು ಸುಮಾರು 1,300 ಜನ ಸತ್ತರೆಂದು ಅಂದಾಜು. ನಮ್ಮ ಕಡೆ ಸುಳಿ ಎದ್ದರೂ ದುರ್ಬಲವಾದದ್ದೇ ಹೆಚ್ಚು. ಮುಂಗಾರಿನಲ್ಲಿ ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಪಡುವಣ ಗಾಳಿ ಹೊಳೆಯಂತೆ ಹರಿಯುತ್ತಿರುತ್ತದೆ. ಕೆಳಗೆ ಗುಡ್ಡ, ಮರಗಳಿಗೆ ಉಜ್ಜಿ ಅದು ನಿಧಾನ. ಮೇಲೆ ವೇಗ, ಕೆಳಗೆ ನಿಧಾನ ಎಂದಾಗ ನಡುವಿನ ಗಾಳಿ ಮಲಗಿಸಿದ ಒನಕೆಯಂತೆ ಉರುಳುತ್ತದೆ. ಮೋಡದೊಳಕ್ಕೆ ಏರುವ ಗಾಳಿ ಆ ಒನಕೆಯನ್ನು ಎತ್ತಿ ನಿಲ್ಲಿಸಿದರೆ ಸುಳಿ ಹುಟ್ಟೀತು. ಸುಂಟರಗಾಳಿಯ ಬಲದ ಇಂದಿನ ಅಳತೆಪಟ್ಟಿಯ ಕೆಳಗಿನ ಮೆಟ್ಟಿಲಲ್ಲಿ ಗಾಳಿಯ ವೇಗ ಗಂಟೆಗೆ 105ರಿಂದ 137 ಕಿ.ಮೀ. ಇಂಥ ಸುಳಿಯ ಅಗಲ ಹತ್ತಾರು ಮೀಟರ್, ಆಯುಷ್ಯ ಕೆಲವು ನಿಮಿಷ. ದೂರದ ರಾಡಾರ್‌ನ ಕಿರಣ ನಮ್ಮ ತಲೆಯ ಮೇಲೆ ಬಹಳ ಎತ್ತರದಲ್ಲಿ ಹಾದುಹೋಗುವುದರಿಂದ ಇಂಥದ್ದು ಅದಕ್ಕೂ ಕಾಣುವುದು ಅಪರೂಪ.

ಹಾಗಾದರೆ ಸಾಕ್ಷಿ ಯಾರು? ಬಿದ್ದ ಮರಗಳೇ.

ಹೀಗೆ ಮರಗಳನ್ನು ಓದಲು ಕಲಿಸಿದವರು ಜಪಾನಿನಲ್ಲಿ ಹುಟ್ಟಿದ ಟೆಟ್ಸುಯಾ ಫುಜಿಟಾ. 1945ರಲ್ಲಿ ನಾಗಸಾಕಿ, ಹಿರೋಶಿಮಾಗಳ ಅವಶೇಷಗಳ ನಡುವೆ ಓಡಾಡಿ, ಸ್ಫೋಟ ಮರಗಳನ್ನು ಯಾವ ಕಡೆ ಕೆಡವಿದೆ ಎಂದು ನೋಡಿದವರು. ಮುಂದೆ ಅಮೆರಿಕಕ್ಕೆ ಹೋಗಿ 1971ರಲ್ಲಿ ಹಾನಿಯಿಂದ ಸುಂಟರಗಾಳಿಯ ಬಲ ಅಂದಾಜಿಸುವ ಅಳತೆಪಟ್ಟಿ ಕೊಟ್ಟರು. 1974ರ ಸುಂಟರಗಾಳಿಗಳ ಸರಣಿಯ ನಂತರ ವಿಮಾನದಿಂದ ನೋಡಿದಾಗ ಕೆಲವೆಡೆ ಮರಗಳು ಒಂದು ನಡುವಿನಿಂದ ಸುತ್ತಲೂ ಹೊರಕ್ಕೆ ಬಿದ್ದಿದ್ದವು. ಅದು ಸುಳಿಯಲ್ಲ, ಮೇಲಿನಿಂದ ಸುರಿದ ಗಾಳಿ ಎಂಬ ಅವರ ವಾದಕ್ಕೆ ಅಲ್ಲಿ ಬೀಜ ಬಿತ್ತು.

ಈ ಓದಿಗೆ ಅಡಿಕೆ ತೋಟಕ್ಕಿಂತ ಒಳ್ಳೆಯ ಪುಟ ಎಲ್ಲಿದೆ? ವಿಟ್ಲದ ಸಂಶೋಧನಾ ಕೇಂದ್ರದವರು ಹೇಳುವಂತೆ 2.7 ಮೀಟರ್ ಅಂತರಕ್ಕೆ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಕಂಗು. ಗೆರೆ ಎಳೆದ ಕಾಗದದಂತೆ. ಎಲ್ಲ ತಲೆಗಳೂ ಮೂಡಕ್ಕೇ ಬಿದ್ದಿದ್ದರೆ ನೇರ ಗಾಳಿ. ಬೀಸಣಿಗೆಯಂತೆ ಹರಡಿದ್ದರೆ ಮೇಲಿನಿಂದ ಸುರಿದದ್ದು. ಕಿರಿದಾದ ಪಟ್ಟಿಯ ಎರಡೂ ಬದಿಯ ತಲೆಗಳು ನಡುಗೆರೆಯ ಕಡೆಗೆ ವಾಲಿದ್ದು, ಪಟ್ಟಿಯ ಆಚೆ ಸೋಗೆಯೂ ಹರಿಯದಿದ್ದರೆ ಸುಳಿಯ ಗುಮಾನಿ ಪಡಬಹುದು. ದುರ್ಬಲ ಸುಳಿ ವೇಗವಾಗಿ ಸಾಗಿದರೆ ಹೆಚ್ಚಿನವು ಅದು ಸಾಗಿದ ಕಡೆಗೇ ಬೀಳುತ್ತವೆ. ಆಗ ನುರಿತವರಿಗೂ ಗೊಂದಲ. "ಹೇಗೆ ತಿರುಚಿ ಹಾಕಿದೆ ನೋಡಿ" ಎಂಬುದು ಮಾತ್ರ ಪುರಾವೆಯಲ್ಲ. ಒಂದು ಬದಿಗೆ ಭಾರವಿರುವ ಮರವನ್ನು ನೇರ ಗಾಳಿಯೂ ತಿರುಚುತ್ತದೆ.

ತೊಂದರೆ ಏನೆಂದರೆ, ದಾರಿ ಬಿಡಿಸಬೇಕು, ಲೈನ್‌ಮನ್ ಬರುವ ಮೊದಲು ತಂತಿಯ ಹತ್ತಿರ ಯಾರೂ ಹೋಗದಂತೆ ಕಾಯಬೇಕು, ಹಟ್ಟಿಗೆ ಶೀಟು ಹೊದೆಸಬೇಕು. ಮಧ್ಯಾಹ್ನದೊಳಗೆ ಕಂಗು ತುಂಡಾಗಿ ಬದಿಗೆ ಸೇರಿರುತ್ತದೆ. ಕಡಿಯುವ ಮೊದಲು ಮೊಬೈಲಿನ ದಿಕ್ಸೂಚಿ ಹಿಡಿದು ನಾಲ್ಕು ಫೋಟೋ ತೆಗೆದರೆ ಪರಿಹಾರದ ಅರ್ಜಿಗೂ ಆಯಿತು, ಅರಿವಿಗೂ ಆಯಿತು.

ಪರಿಹಾರದ ಮಾತು ಬಂತು. ಕೇಂದ್ರದ 2022–26ರ ನಿಯಮದಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ ಎಂದಿತ್ತು. ಕಂಗೊಂದಕ್ಕೆ ಭಾಗಿಸಿದರೆ ಹದಿನಾರು ರೂಪಾಯಿ ಚಿಲ್ಲರೆ. ಅದೂ ನಷ್ಟ ಶೇ. 33 ಮುಟ್ಟಿದರೆ. ಸುಳಿಯ ದಾರಿ ಕಿರಿದು. ನಾಲ್ಕು ಸಾಲು ನೆಲಸಮವಾಗಿ ಉಳಿದ ತೋಟ ಹಾಗೇ ನಿಂತಿದ್ದರೆ ಲೆಕ್ಕ ಆ ಗೆರೆ ಮುಟ್ಟುವುದೇ ಕಷ್ಟ.

ನಿಂತದ್ದೂ ಪೂರಾ ಉಳಿದಂತಲ್ಲ. ಪಕ್ಕದ ಮರಗಳ ನೆರಳು ಹೋಗಿದೆ. ಮಳೆಗಾಲ ಮುಗಿದು ಬಿಸಿಲು ದಕ್ಷಿಣಕ್ಕೆ ವಾಲಿದಾಗ ನೈಋತ್ಯದ ಬದಿಯ ಕಾಂಡ ಹೊನ್ನಬಣ್ಣಕ್ಕೆ ಸುಟ್ಟು, ಆಮೇಲೆ ಬಿರಿಯುತ್ತದೆ. ಕಾಂಡಕ್ಕೆ ಹಾಳೆ, ಸೋಗೆ ಕಟ್ಟಿದವರ ಮರ ಬದುಕೀತು. ಕಟ್ಟದೆ ಬಿಟ್ಟದ್ದು ಕೆಲವು ವರ್ಷದ ಮೇಲೆ, ಹಂಚೂ ಅಲುಗದ ಗಾಳಿಗೆ, ಆ ಬಿರುಕಿನಲ್ಲೇ ಮುರಿದು ಬೀಳುತ್ತದೆ. ಆಗಲೂ ಅಂಗಳದಲ್ಲಿ ಕೇಳುವ ಹೆಸರು ಸುಂಟರಗಾಳಿಯೇ.