ಸಿಕಲ್ ಸೆಲ್ ಗರ್ಭಿಣಿಗೆ ಕಬ್ಬಿಣದ ಮಾತ್ರೆಯಷ್ಟೇ ಸಾಲದು
ಗರ್ಭಿಣಿಗೆ ರಕ್ತ ಕಡಿಮೆಯೆಂದರೆ, ಗಂಡಸಿಯಲ್ಲಾಗಲಿ ಬಿಳಿಗಿರಿರಂಗನ ಬೆಟ್ಟದಲ್ಲಾಗಲಿ, ಮೊದಲು ಕೊಡುವುದು ಕಬ್ಬಿಣಾಂಶದ ಮಾತ್ರೆ. ಆದರೆ ಬೆಟ್ಟದ ಸೋಲಿಗರಲ್ಲಿ ಕಂಡುಬರುವ ಸಿಕಲ್ ಸೆಲ್ ರೋಗ ಅದರಿಂದ ಗುಣವಾಗದು. ಇದು ವಂಶಪಾರಂಪರ್ಯವಾದುದು. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಬೇಗನೆ ನಾಶವಾಗುತ್ತವೆ. ಸಣ್ಣ ರಕ್ತನಾಳಗಳಲ್ಲಿ ಸಿಲುಕಿ ತೀವ್ರ ನೋವು ತರುತ್ತವೆ. ಗರ್ಭಾವಸ್ಥೆಯಲ್ಲಿ ಅಧಿಕ ರಕ್ತದೊತ್ತಡ, ಸೋಂಕು, ಅವಧಿಪೂರ್ವ ಹೆರಿಗೆ, ಕಡಿಮೆ ತೂಕದ ಶಿಶು, ಕೆಲವೊಮ್ಮೆ ತಾಯಿಯ ಸಾವು ಸಂಭವಿಸಬಹುದು. ಮೊದಲೇ ಪತ್ತೆಯಾಗಿ ನಿಗಾ ದೊರೆತರೆ ಸುರಕ್ಷಿತ ಹೆರಿಗೆಯೂ ಸಾಧ್ಯ.

ಹಿಮೋಗ್ಲೋಬಿನ್ ಪ್ರಮಾಣ ಅಳೆದ ಮಾತ್ರಕ್ಕೆ ರೋಗ ತಿಳಿಯದು. ಪ್ರತ್ಯೇಕ ಪರೀಕ್ಷೆ ಬೇಕು. 2023ರ ಜುಲೈ 1ರಂದು ಆರಂಭವಾದ, ಕರ್ನಾಟಕವೂ ಸೇರಿರುವ ರಾಷ್ಟ್ರೀಯ ಅಭಿಯಾನದಲ್ಲಿ 40 ವರ್ಷದವರೆಗಿನವರ ತಪಾಸಣೆಗೆ ಅವಕಾಶವಿದೆ. ಗಂಡನನ್ನು ಇದರಿಂದ ಹೊರಗಿಡುವುದು ಸರಿಯಲ್ಲ: ದಂಪತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ 25.