ಬಚ್ಚಲಿಗೆ ಯಾವ ಬೋರ್ಡು?

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲು ಹೊರಗೆ. ಹಂಡೆ, ಒಲೆ, ಬಿಸಿ ನೀರು ಎಲ್ಲವೂ ಅಂಗಳ ದಾಟಿದ ಮೇಲೆ. ಪ್ರಾಯದಲ್ಲಿ ಅದೊಂದು ಸುಖ. ಎಂಬತ್ತು ದಾಟಿದ ಅಮ್ಮನನ್ನು ಆಟಿಯ ಮಳೆಯಲ್ಲಿ, ಪಾಚಿ ಹಿಡಿದ ಅಂಗಳದಲ್ಲಿ ಕೈಹಿಡಿದು ನಡೆಸುವಾಗ ಮಾತ್ರ ನಮ್ಮ ಜೀವ ಕೈಯಲ್ಲಿರುತ್ತದೆ. ಆದ್ದರಿಂದಲೇ ಈಗ ಹಲವರು ಒಳಕೋಣೆಯ ಒಂದು ಮೂಲೆಯನ್ನು ಬಚ್ಚಲಾಗಿ ಮಾಡಿಸಿಕೊಳ್ಳುತ್ತಾರೆ. ನಾವೂ ಮಾಡಿಸಿದೆವು, ಒಮ್ಮೆ ಕೆಡಿಸಿ, ಎರಡನೆಯ ಸಲ ಸರಿಯಾಗಿ.

ಮುರಕಲ್ಲಿನ ಗೋಡೆ ಎಬ್ಬಿಸಬೇಕಾದರೆ ನೆಲ ಅಗೆದು ಅಡಿಪಾಯ ಹಾಕಬೇಕು. ಗೋಡೆಯ ದಪ್ಪವೇ ಚಿಕ್ಕ ಕೋಣೆಯನ್ನು ನುಂಗುತ್ತದೆ. ಕಬ್ಬಿಣದ ಚೌಕಟ್ಟು ನಿಲ್ಲಿಸಿ ಬೋರ್ಡು ಬಿಗಿದರೆ ಆ ತೊಂದರೆಯಿಲ್ಲ. "ಬೋರ್ಡು ಹಾಕುವ ಮಾಸ್ಟ್ರೇ, ಗೋಡೆಯ ಹಾಗೆಯೇ ಕಾಣ್ತದೆ" ಎಂದು ಕೆಲಸದವರು ಹೇಳಿದರು. ಯಾವ ಬೋರ್ಡು ಎಂದು ನಾವು ಕೇಳಲಿಲ್ಲ. ತಪ್ಪಿದ್ದು ಅಲ್ಲಿಯೇ.

ಹಾಕಿದ್ದು ಸಾದಾ ಜಿಪ್ಸಂ ಬೋರ್ಡು: ಎರಡು ಕಾಗದದ ನಡುವೆ ಜಿಪ್ಸಂ, ದಪ್ಪ ಸುಮಾರು ಅರ್ಧ ಇಂಚು. ಒಣ ಜಾಗದಲ್ಲಿ ಅದು ಒಳ್ಳೆಯ ವಸ್ತುವೇ. ನೀರು ಕುಡಿದರೆ ಮಾತ್ರ ಮೆತ್ತಗಾಗುತ್ತದೆ; ಅದರ ಕಾಗದ ಬೂಷ್ಟಿಗೆ ಆಹಾರ. ಜೂನಿನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆಯೇ ಒಣಗದ ಊರಿನಲ್ಲಿ, ಅದೂ ಬಚ್ಚಲಿನಲ್ಲಿ, ಅದು ಎಷ್ಟು ದಿನ ಬಾಳೀತು? ಮೇಲೆ ಟೈಲ್ಸ್ ಹೊಳೆಯುತ್ತಿತ್ತು, ಹಿಂದೆ ಆಗುವುದು ಕಾಣುತ್ತಿರಲಿಲ್ಲ. ಮರುವರ್ಷದ ಮಳೆಗಾಲದಲ್ಲಿ ಅಮ್ಮ ಏಳಲೆಂದು ಹಿಡಿದ ಕಂಬಿ, ಬೋರ್ಡಿನ ತುಂಡಿನ ಸಮೇತ ಅವರ ಕೈಗೆ ಬಂತು. ಪಕ್ಕದಲ್ಲಿ ಸೊಸೆ ಇದ್ದುದರಿಂದ ಬೀಳಲಿಲ್ಲ.

ಆಮೇಲೆ ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಹಸಿರು ಬಣ್ಣದ ಜಿಪ್ಸಂ ಬೋರ್ಡೊಂದು ಸಿಗುತ್ತದೆ. ನೀರಿಗೆ ಏನೂ ಆಗುವುದಿಲ್ಲವೆಂದು ಮಾರುವವರಿದ್ದಾರೆ, ಅದನ್ನು ನಂಬಬಾರದು. ಗಾಳಿಯ ತೇವವನ್ನು ಸಾದಾ ಬೋರ್ಡಿಗಿಂತ ಚೆನ್ನಾಗಿ ತಡೆಯುತ್ತದೆ, ಅಷ್ಟೇ. ಬಚ್ಚಲಿನ ಮೇಲ್ಭಾಗಕ್ಕೆ, ನೀರು ಎರಚದ ಗೋಡೆಗೆ ಆಗಬಹುದು. ಚೆಂಬಿನಿಂದ ನೀರು ಹೊಯ್ದುಕೊಳ್ಳುವ ಮೂಲೆಗೆ ತಕ್ಕುದು ಫೈಬರ್ ಸಿಮೆಂಟ್ ಬೋರ್ಡು. ಅದಕ್ಕೆ ಕಾಗದದ ಹೊದಿಕೆಯಿಲ್ಲ, ನೆನೆದರೂ ಜಿಪ್ಸಂನಂತೆ ಕರಗದು. ಆದರೆ ಅದರ ಮೂಲಕವೂ ನೀರು ಇಳಿಯುತ್ತದೆ. ಟೈಲ್ಸ್ ಅಂಟಿಸುವ ಮೊದಲು ಬೋರ್ಡಿನ ಮೇಲೆ ನೀರು ತಡೆಯುವ ಲೇಪ ಬಳಿಯಲೇಬೇಕು, ಜೋಡಣೆಗಳಿಗೂ ನೆಲದ ಮೂಲೆಗಳಿಗೂ ಪಟ್ಟಿ ಅಂಟಿಸಬೇಕು. ಟೈಲ್ಸ್ ನಡುವಿನ ಸಿಮೆಂಟ್ ನೀರನ್ನು ನಿಲ್ಲಿಸುತ್ತದೆಂದು ನಾವು ತಿಳಿದಿದ್ದೆವು. ನಿಲ್ಲಿಸುವುದಿಲ್ಲ. ಬೋರ್ಡಿನ ತುದಿ ನೆಲಕ್ಕೆ ತಾಗದಂತೆ ಸ್ವಲ್ಪ ಎತ್ತರಿಸಿ, ಆ ಸಂದಿಯನ್ನು ಸೀಲೆಂಟಿನಿಂದ ಮುಚ್ಚಬೇಕು. ಮರದ ಚೌಕಟ್ಟು ಬೇಡ. ಗೆದ್ದಲಿನ ಊರು ನಮ್ಮದು.

ಅಂಗಡಿಯಲ್ಲಿ ಮಾತು ಮಲಯಾಳದಲ್ಲಿ, ಬೋರ್ಡಿನ ಮೇಲಿನ ಬರಹ ಇಂಗ್ಲಿಷಿನಲ್ಲಿ. ನಮ್ಮ ಮನೆಯ ಹಿರಿಯರಿಗೆ ಎರಡೂ ಕಷ್ಟ. ಅಂಕೆಗೆ ಭಾಷೆಯಿಲ್ಲವಷ್ಟೆ? ಐ.ಎಸ್. 2095 ಎಂದರೆ ಜಿಪ್ಸಂ ಬೋರ್ಡು, ಐ.ಎಸ್. 14862 ಎಂದರೆ ಫೈಬರ್ ಸಿಮೆಂಟ್. ಚೀಟಿಯಲ್ಲಿ ಬರೆದುಕೊಂಡು ಹೋಗಿ ಹೋಲಿಸಿ ನೋಡಬಹುದು.

ಹಳೆಯ ಮುರಕಲ್ಲಿನ ಗೋಡೆಯ ಒದ್ದೆಯನ್ನು ಮರೆಸಲು ಬೋರ್ಡು ಹೊಡೆಸುವವರೂ ಇದ್ದಾರೆ. ಮೊದಲು ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈ ಬೆವರಿದರೆ ತೇವ ಗೋಡೆಯಿಂದಲೇ ಬರುತ್ತಿದೆ. ಅದನ್ನು ಸರಿಪಡಿಸದೆ ಮುಚ್ಚಿದರೆ ಯಾವ ಬೋರ್ಡೂ ಪ್ರಯೋಜನಕ್ಕೆ ಬಾರದು. ಮಾಡಿನಿಂದ ಇಳಿಸಿದ ಹಳೆಯ ಆಸ್ಬೆಸ್ಟಾಸ್ ಶೀಟನ್ನು ಕತ್ತರಿಸಿ ಮರೆ ಮಾಡುವ ಯೋಚನೆಯನ್ನಂತೂ ಬಿಡಬೇಕು. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲುದು.

ಎರಡನೆಯ ಸಲ ಕಂಬಿಯನ್ನು ಬರಿಯ ಬೋರ್ಡಿಗೆ ಬಿಗಿಸಲಿಲ್ಲ. ಕಂಬಿ ಬರುವ ಎತ್ತರದಲ್ಲಿ ಚೌಕಟ್ಟಿಗೆ ಅಡ್ಡಪಟ್ಟಿ ಕೊಡಿಸಿ, ಬೋಲ್ಟ್ ಅದಕ್ಕೇ ಹಿಡಿಯುವಂತೆ ಮಾಡಿಸಿದೆವು. ಕೆಲಸ ಮುಗಿದ ದಿನ ಮೊದಲು ನಾವೇ ಜೋತುಬಿದ್ದು ನೋಡಿ, ಆಮೇಲೆ ಅಮ್ಮನನ್ನು ಕರೆದೆವು.